ಉಪ್ಪಿನ ಪಕ್ಕದ ಕರಡು

ನಮ್ಮೂರಿನ ಅಡುಗೆಮನೆಗಳಲ್ಲಿ ಉಪ್ಪಿನ ಭರಣಿಯ ಪಕ್ಕ ಒಂದು ಗೇಣು ಜಾಗ ಖಾಲಿ ಬಿಟ್ಟಿರುತ್ತಾರೆ. ಅದು ಕರಡಿನ ಜಾಗ. ಮನೆಯಲ್ಲಿ ಯಾರಿಗಾದರೂ ಹೊಸ ಕಿವಿಯೋ, ಮೊಣಕಾಲಿನ ಮೆತ್ತೆಯೋ, ಸುಟ್ಟ ಕೈಗೆ ಚರ್ಮವೋ ಬೇಕಾಗಿ ಅಚ್ಚುಮನೆಯಲ್ಲಿ ಮಾಡಿಸಿದರೆ ಎರಡು ಪ್ರತಿ ಆಗುತ್ತವೆ. ಎರಡನೆಯದು ಮೈಗೆ ಹೋಗುತ್ತದೆ. ಮೊದಲನೆಯದು, ಅಂದರೆ ಕರಡು, ಗಾಜಿನ ಭರಣಿಯಲ್ಲಿ ಸಾರು ಕುಡಿಯುತ್ತ ಮನೆಗೆ ಬರುತ್ತದೆ. ಅದಕ್ಕೂ ಜೀವ ಇರುತ್ತದಲ್ಲ, ಬಿಸಾಡುವ ಹಾಗಿಲ್ಲ. ತಾನಾಗಿ ನಿಲ್ಲುವವರೆಗೆ ಸಾಕಬೇಕು. ನಿಂತ ದಿನ ಹಿತ್ತಲಿನ ಗಿಡದ ಬುಡದಲ್ಲಿ ಹೂತು, ಹೊರಗಿನವರೊಬ್ಬರನ್ನು ಕರೆದು ಉಣ್ಣಿಸಬೇಕು. ಯಾಕೆ ಎಂದು ಕೇಳಿದರೆ ಯಾರೂ ಹೇಳಲಾರರು. ಉಂಡವರೂ ಕೇಳುವುದಿಲ್ಲ.

ಕರಡು ಕಿವಿ ಇರುವ ಮನೆಯಲ್ಲಿ ಅತ್ತೆ ಸೊಸೆ ಒಳಗೆ ಜಗಳವಾಡುವುದಿಲ್ಲ, ಅಂಗಳಕ್ಕೆ ಬಂದು ಜಗಳವಾಡುತ್ತಾರೆ. ಕುಂಬಾರ ಓಣಿಯ ಮುದುಕನೊಬ್ಬ ತನ್ನ ಕರಡು ಚರ್ಮದ ಭರಣಿಯನ್ನು ಬೆಳಿಗ್ಗೆ ಕಿಟಕಿಯಲ್ಲಿಟ್ಟು, ಹೊತ್ತೇರಿದ ಮೇಲೆ ಕಪ್ಪಾದೀತೆಂದು ನೆರಳಿಗೆ ಸರಿಸುತ್ತಿದ್ದ. ತಾನು ಮಾತ್ರ ದಿನವಿಡೀ ಬಿಸಿಲಿನಲ್ಲೇ ಕೂತಿರುತ್ತಿದ್ದ. ಸಾಮಾನ್ಯವಾಗಿ ಕರಡಿನ ಆಯುಷ್ಯ ಮೂರು ನಾಲ್ಕು ತಿಂಗಳು. ಭಾಳ ಗಟ್ಟಿ ಎಂದರೆ ಆರು.

ನನ್ನ ಹೆಸರು ಕಲ್ಮೇಶ. ಅಚ್ಚುಮನೆಯಲ್ಲಿ ಭೂತಗನ್ನಡಿ, ನಮ್ಮ ಬಾಯಲ್ಲಿ ಬರೀ ಗನ್ನಡಿ, ಹಿಡಿಯುವುದು ನನ್ನ ಕೆಲಸವಾಗಿತ್ತು. ರೋಗಿಯ ತೊಡೆಯಿಂದ ಚಿಟಿಕೆ ಮಾಂಸ ತೆಗೆದು ತಿಂಗಳುಗಟ್ಟಲೆ ಸಾರಿನಲ್ಲಿ ಬೆಳೆಸಿದರೆ ಜೀವಶಾಯಿ ಆಗುತ್ತದೆ. ಆ ಶಾಯಿಯನ್ನು ಸೂಜಿಯಂತ್ರ ಎಳೆ ಎಳೆಯಾಗಿ, ಸಾಲಿನ ಮೇಲೆ ಸಾಲಾಗಿ ಇಡುತ್ತ ಹೋಗುತ್ತದೆ. ಮೊದಲ ಸಲ ಸೂಜಿ ಇನ್ನೂ ಹದಕ್ಕೆ ಬಂದಿರುವುದಿಲ್ಲ, ಮೊದಲ ದೋಸೆ ಹೆಂಚಿಗೆ ಹತ್ತುವ ಹಾಗೆ ಎಲ್ಲೋ ಒಂದು ಸಾಲು ತಪ್ಪುತ್ತದೆ. ಎರಡನೆಯದು ಸರಿಯಾಗಿ ಬರುತ್ತದೆ. ನಾನು ಗನ್ನಡಿಯಲ್ಲಿ ಸಾಲು ಎಣಿಸಿ ‘ಸರಿ’ ಅಂದರೆ ದವಾಖಾನೆಯವರು ಒಯ್ಯುತ್ತಾರೆ. ಅಚ್ಚುಮನೆಯ ಬಾಗಿಲ ಮೇಲೆ ಎರಡು ಮಾತು ಕೆತ್ತಿದ್ದಾರೆ: ಮೊದಲನೆಯದು ಕರಡು. ಕರಡು ಮೈಗೆ ಇಲ್ಲ. ನಮ್ಮೂರಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಇವೆರಡನ್ನು ಕಲಿಯುತ್ತಾರೆ. ನಾನೂ ಕಲಿತಿದ್ದೆ, ಚೆನ್ನಾಗಿಯೇ ಕಲಿತಿದ್ದೆ.

ಹನ್ನೊಂದು ವರ್ಷದ ಹಿಂದೆ ಕೌದಿ ಹೊಲಿಯುವ ಸಕ್ರವ್ವನಿಗೆ ಹೃದಯದ ಗೋಡೆಗೆ ಒಂದು ತೇಪೆ ಬೇಕಾಯಿತು. ಹುಟ್ಟಿನಿಂದಲೇ ಇದ್ದ ತೂತು, ಮೂವತ್ತೆಂಟನೇ ವಯಸ್ಸಿಗೆ ಉಸಿರು ಕಟ್ಟಿಸತೊಡಗಿತ್ತು. ವೀಳ್ಯದೆಲೆಯ ತುದಿಯಷ್ಟು ಚಿಕ್ಕ ತೇಪೆ, ತೊಂಬತ್ತಾರು ಸಾಲು. ಅಚ್ಚಾದ ಗಳಿಗೆಯಿಂದಲೇ ತನ್ನಷ್ಟಕ್ಕೆ ಮಿಡಿಯತೊಡಗುವ ಜಾತಿಯದು. ಮೊದಲನೆಯದನ್ನು ಗನ್ನಡಿಯ ಕೆಳಗೆ ಇಟ್ಟು ಎಣಿಸಿದೆ. ತೊಂಬತ್ತಾರು. ಅಂಚು ಎಲ್ಲಿಯೂ ಓರೆಯಿಲ್ಲ. ಎರಡನೆಯದನ್ನು ಎಣಿಸಿದೆ. ಎಡಗಡೆ ಒಂದು ಸಾಲು ಕಡಿಮೆ, ತೊಂಬತ್ತೈದು. ಎರಡನ್ನೂ ಮೂರು ಮೂರು ಸಲ ಎಣಿಸಿದೆ.

ಆಗ ನನಗೆ ಇಪ್ಪತ್ತಾರು. ಗನ್ನಡಿ ನನ್ನ ಕೈಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಯಾರಿಗೂ ಕಾಣದ್ದು ನನಗೆ ಕಂಡಿತು ಎಂದರೆ ತಪ್ಪು ನನ್ನ ಕಣ್ಣಿನದೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು, ಅದಕ್ಕೇ ಅಂದುಕೊಂಡೆ. ಅಚ್ಚುಮನೆಯ ಯಜಮಾನರಾದ ದುಂಡಪ್ಪನವರು ಪಕ್ಕದ ಮೇಜಿನಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. “ಆತೇನೋ?” ಅಂದರು. “ಆತ್ರಿ. ಎರಡನೇದು ಸರಿ,” ಅಂದೆ. ಅಷ್ಟೇ. ದವಾಖಾನೆಯವರು ತೊಂಬತ್ತೈದು ಸಾಲಿನದನ್ನು ಸಕ್ರವ್ವನ ಎದೆಗೆ ಒಯ್ದರು. ತೊಂಬತ್ತಾರು ಸಾಲಿನದು ಭರಣಿಯಲ್ಲಿ ಕೂತು ಅವಳ ಅಡುಗೆಮನೆಗೆ ಹೋಯಿತು, ಉಪ್ಪಿನ ಪಕ್ಕಕ್ಕೆ.

ಗುರುವಾರ ಗುರುವಾರ ಕರಡಿರುವ ಮನೆಗಳಿಗೆ ಸಾರು ಹಂಚುವುದೂ ಗನ್ನಡಿಯವನದೇ ಕೆಲಸ. ಹೀಗಾಗಿ ಪ್ರತಿ ವಾರ ಸಕ್ರವ್ವನ ಮನೆಗೆ ಹೋಗುತ್ತಿದ್ದೆ. ಎದೆ ಹೊಲಿಸಿಕೊಂಡ ಮೇಲೆ ಅವಳು ಚೆನ್ನಾಗಿಯೇ ಇದ್ದಳು. ಹಳೆಯ ಸೀರೆಗಳ ರಾಶಿಯ ನಡುವೆ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡು, ಊರಿನ ಅರ್ಧ ಜನಕ್ಕೆ ಹೊದಿಯಲು ಕೌದಿ ಹೊಲಿದಳು. ಅವಳ ಗಂಡ ಫಕೀರಪ್ಪ ಹಗ್ಗ ಹೊಸೆಯುವವನು, ಮಾತು ಕಡಿಮೆ. ಭರಣಿಯ ಜವಾಬ್ದಾರಿ ಅವನದು. ಬೆಳಿಗ್ಗೆ ಎದ್ದವನೇ ಭರಣಿಯ ಮುಚ್ಚಳದ ಮೇಲೆ ಬೆರಳಿನಿಂದ ಬಡಿದು “ಎದ್ದಿಯೇನು?” ಅನ್ನುತ್ತಿದ್ದ. ಒಳಗಿನದು ಮಿಡಿಯುತ್ತಿತ್ತು. ಆಮೇಲೆ ಒಲೆ ಹಚ್ಚುತ್ತಿದ್ದ.

ಆರು ತಿಂಗಳು ಕಳೆಯಿತು, ಅದು ನಿಲ್ಲಲಿಲ್ಲ. ವರ್ಷ ಕಳೆಯಿತು. ಎರಡನೇ ವರ್ಷಕ್ಕೆ ಊರಿನವರು ನೋಡಲು ಬರತೊಡಗಿದರು. ಮೂರನೇ ವರ್ಷಕ್ಕೆ ಹೊಸದಾಗಿ ಮದುವೆಯಾದವರನ್ನು ಕರೆತಂದು ತೋರಿಸುವ ಪದ್ಧತಿಯೇ ಆಯಿತು. ಯಾರೋ ಭರಣಿಯ ಮುಂದೆ ಸೇವಂತಿಗೆ ಇಟ್ಟರು. ಎಲ್ಲರೂ ಸಕ್ರವ್ವನ ಪುಣ್ಯ ಅಂದರು. ಫಕೀರಪ್ಪ ನನಗೆ ಚಹಾ ಕೊಡುತ್ತ ಒಮ್ಮೆ ಹೇಳಿದ: “ಆಕಿ ಎದಿ ಎಷ್ಟ ಗಟ್ಟಿ ನೋಡು ಕಲ್ಮೇಶಪ್ಪ, ಆಕಿ ಕರಡೂ ಸಾಯವಲ್ದು.” ನಾನು ನಕ್ಕೆ. ಏನು ಮಾಡಲಿ, ಚಹಾ ಕೈಯಲ್ಲಿತ್ತು.

ಹನ್ನೊಂದು ವರ್ಷ ನಾನು ಸುಮ್ಮನೆ ಇದ್ದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಅದು ಒಂದು ಸಾಲಿನಷ್ಟು ಚಿಕ್ಕದಾಗಿರಲಿಲ್ಲ. ಮೊದಲ ವರ್ಷ, ಕಣ್ಣು ತಪ್ಪಿರಬೇಕು ಎಂದೆ. ಎರಡನೇ ವರ್ಷ, ಸಕ್ರವ್ವ ನೀರು ಹೊರುವಷ್ಟು ಗಟ್ಟಿಯಾಗಿದ್ದಾಳಲ್ಲ, ಒಂದು ಸಾಲಿನಿಂದ ಏನಾದೀತು ಎಂದೆ. ಆಮೇಲೆ ಅನ್ನುವುದನ್ನೇ ಬಿಟ್ಟೆ. ಅಚ್ಚುಮನೆಗೆ ಬಂದ ಪ್ರತಿ ಮೊದಲನೆಯದನ್ನೂ ಮೂರು ಸಲ ಎಣಿಸಿದೆ. ಒಂದಾದರೂ ಸರಿಯಾಗಿ ಬಂದರೆ ಆ ನೆಪದಲ್ಲಿ ಬಾಯಿ ಬಿಡಬಹುದು ಎಂದು ಆಸೆ. ಒಂದೂ ಬರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಏನಾದರೂ ನೆವ ಹೇಳಿ ತಪ್ಪಿಸಿಕೊಂಡೆ. ಮನೆಯಲ್ಲಿ ಇನ್ನೊಂದು ಜೀವ ಇದ್ದರೆ ಎಂದಾದರೂ ಬಾಯಿಂದ ಹೊರಬಿದ್ದೀತು ಎಂಬ ಹೆದರಿಕೆ.

ಈ ಸಲದ ಕಾರ್ತೀಕದಲ್ಲಿ ಸಕ್ರವ್ವ ನೀರು ಹೊರುವುದನ್ನು ಬಿಟ್ಟಳು. ನಂತರ ಎರಡು ಹೊಲಿಗೆ ಹಾಕಿದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳತೊಡಗಿದಳು. ಡಾಕ್ಟರ್ ವಿಮಲಾಕ್ಷಿ ಪರೀಕ್ಷೆ ಮಾಡಿ, ಹೊಸ ತೇಪೆಗೆಂದು ತೊಡೆಯಿಂದ ಮಾಂಸ ತೆಗೆದು ಕಳಿಸಿದರು. ಅಚ್ಚುಮನೆಯಲ್ಲಿ ಶಾಯಿ ಹುದುಗಲಿಲ್ಲ, ಹುಳಿಯಾಯಿತು. ಇನ್ನೊಮ್ಮೆ ತೆಗೆದರು. ಅದೂ ಹುಳಿಯಾಯಿತು. ಬಳಲಿದ ಮೈಯಿಂದ ಬಂದ ಬೀಜ ಮೊಳೆಯುವುದಿಲ್ಲ, ನಮಗೆಲ್ಲ ಗೊತ್ತಿದ್ದದ್ದೇ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಗನ್ನಡಿಯವನಿಗೆ ಹೇಳುವ ಹಾಗೆ ಸಹಜವಾಗಿಯೇ ಹೇಳಿದರು: “ಎಡಗಡೆ ಅಂಚು ಹರಿಯಾಕ ಹತ್ತೈತಿ ಕಲ್ಮೇಶ. ಅಲ್ಲಿ ಇನ್ನೊಂದ ಸಾಲು ಇದ್ದಿದ್ರ ತಡೀತಿತ್ತು. ಹೊಸದಂತೂ ಆಗಂಗಿಲ್ಲ. ಮುಂದಿನ ಹುಣ್ಣಿಮಿತನಕ ಆದೀತು, ಅದರಾಚಿಗೆ ನಾ ಹೇಳಲಾರೆ.” ನಾನು ತಲೆ ಅಲ್ಲಾಡಿಸಿದೆ. ಹೊರಗೆ ಬಂದೆ.

ಹುಣ್ಣಿಮೆಗೆ ಹತ್ತೊಂಬತ್ತು ದಿನ ಇತ್ತು. ಉಪ್ಪಿನ ಪಕ್ಕದಲ್ಲಿ ಅವಳದೇ ಮಾಂಸದ, ಅವಳದೇ ಅಳತೆಯ ತೇಪೆ ಮಿಡಿಯುತ್ತ ಕೂತಿತ್ತು. ಆದರೆ ಊರಿನ ಲೆಕ್ಕಕ್ಕೆ ಅದು ಕರಡು, ಮುಟ್ಟುವಂತಿಲ್ಲ. ಅದು ಕರಡಲ್ಲ ಎಂದು ಹೇಳಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ಅದನ್ನೂ ಅಚ್ಚುಮನೆಯ ಬಾಗಿಲಲ್ಲಿ ನಿಂತು, ಊರು ಕೇಳುವಂತೆ ಹೇಳಬೇಕು. ಪದ್ಧತಿ ಹಾಗಿದೆ.

ಮೊದಲು ದುಂಡಪ್ಪನವರ ಹತ್ತಿರ ಹೋದೆ. ಎಲ್ಲ ಕೇಳಿ ಅವರು ತಮ್ಮ ಎರಡೂ ಅಂಗೈ ತಿರುವಿ ನೋಡಿಕೊಂಡರು. ಅವರ ಬಲಗೈಯ ಎರಡು ಬೆರಳು ಅಚ್ಚುಮನೆಯವೇ. “ನಾಕನೂರು ಮಂದಿ ಅದಾರೋ ಈ ಊರಾಗ, ಮೈಯಾಗ ನಮ್ಮ ಕೆಲಸ ಇಟಗೊಂಡು,” ಅಂದರು. “ನೀ ಬಾಗಲದಾಗ ನಿಂತು ಹಿಂಗಂದ್ರ, ಅವರೆಲ್ಲ ನಾಳಿಂದ ಎದಿ ಮ್ಯಾಲ ಕೈ ಇಟಗೊಂಡು ಕುಂದರ್ತಾರ. ತಮ್ಮದು ಯಾವುದು, ಕರಡು ಯಾವುದು ಅಂತ. ಅವರಿಗೆ ಏನ ಹೇಳ್ತಿ? ಒಬ್ಬಾಕಿ ಸಲುವಾಗಿ ಊರಿನ ಜೀವಾ ತಿನಬ್ಯಾಡ.” ಅವರು ಕೆಟ್ಟ ಮನುಷ್ಯರಲ್ಲ. ಹೇಳಿದ್ದೂ ಸುಳ್ಳಲ್ಲ. ನಾನು ಮನೆಗೆ ಬಂದು ಎರಡು ದಿನ ಬಾಗಿಲು ಹಾಕಿಕೊಂಡು ಆ ಮಾತನ್ನೇ ಮೆಲುಕು ಹಾಕಿದೆ. ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಹಿತವಾಗಿದೆ ಎಂಬುದೇ ನನಗೆ ಹೆದರಿಕೆ ಹುಟ್ಟಿಸಿತು. ಎರಡನೇದು ಸರಿ ಅಂದ ದಿನವೂ ಇಷ್ಟೇ ಹಿತವಾಗಿತ್ತು.

ಮೂರನೇ ದಿನ ಗುರುವಾರ. ಸಾರಿನ ಕ್ಯಾನು ಹಿಡಿದು ಸಕ್ರವ್ವನ ಮನೆಗೆ ಹೋದೆ. ಅವಳು ಸೀರೆಯ ರಾಶಿಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಅರ್ಧ ಹೊಲಿದ ಕೌದಿ. ಫಕೀರಪ್ಪ ಒಲೆಯ ಮುಂದಿದ್ದ. ಕ್ಯಾನು ಕೆಳಗಿಟ್ಟು, ನಿಂತುಕೊಂಡೇ, ಎಲ್ಲವನ್ನೂ ಹೇಳಿಬಿಟ್ಟೆ. ಎಷ್ಟು ಸಾಲು, ಎಷ್ಟು ಸಲ ಎಣಿಸಿದೆ, ಯಾವುದು ಎಲ್ಲಿಗೆ ಹೋಯಿತು, ಎಲ್ಲ.

ಸಕ್ರವ್ವ ಕೇಳಿದಳು: “ನೋಡಿದ್ದಿಲ್ಲೇನು ಮತ್ತ?”

“ನೋಡಿದ್ದೆ. ಮೊದಲನೇದು ಸರಿ ಬರೂದಿಲ್ಲ ಅಂತ, ನನ್ನ ಕಣ್ಣನ್ನ ನಾ ನಂಬಲಿಲ್ಲ.”

ಅವಳು ಮಡಿಲಿನ ತುಂಡು ಬಟ್ಟೆಯೊಂದನ್ನು ಎತ್ತಿ ಬೆರಳಿನಿಂದ ಜಗ್ಗಿದಳು. “ಕೌದಿಗೆ ತುಂಡು ಹಚ್ಚೂ ಮುಂದ ನಾ ಹಿಂಗ ನೂಲು ಜಗ್ಗಿ ನೋಡ್ತೀನಿ,” ಅಂದಳು. ಉಸಿರು ತೆಗೆದುಕೊಂಡಳು. “ಯಾವ ತುಂಡು ಮೊದಲ ಕೈಗೆ ಬಂತು ಅಂತ ನೋಡೂದಿಲ್ಲ.” ದನಿ ಏರಲಿಲ್ಲ. ಏರಿದ್ದರೆ ನನಗೆ ಚೆನ್ನಾಗಿತ್ತು.

ಫಕೀರಪ್ಪ ಒಲೆಯ ಮುಂದಿನಿಂದ ಎದ್ದಿದ್ದ. ಹೊಡೆಯುತ್ತಾನೆ ಎಂದುಕೊಂಡು ಕಣ್ಣು ಮುಚ್ಚಿದೆ. ಅವನು ಹೊಡೆಯಲಿಲ್ಲ. “ಪ್ರತಿ ಗುರುವಾರ ಬರ್ತಿದ್ದೆಲ್ಲೋ ನೀ,” ಅಂದ. “ನಾ ನಿನಗ ಚಾ ಕೊಡ್ತಿದ್ದೆ.” ಒಲೆಯ ಮೇಲೆ ಅವತ್ತಿನ ಚಹಾ ಉಕ್ಕಿ ಚೆಲ್ಲುತ್ತಿತ್ತು, ಅವನು ತಿರುಗಿಯೂ ನೋಡಲಿಲ್ಲ. ನನಗೆ ಅಳು ಬಂತು. ಮಗುವಿನ ಹಾಗೆ ಅತ್ತೆ, ಹೇಳಲು ನಾಚಿಕೆಯಿಲ್ಲ.

“ಅಳೂದು ಆಮ್ಯಾಲ,” ಅಂದಳು ಸಕ್ರವ್ವ. “ಈಗ ಏನ ಮಾಡಬೇಕು, ಅದನ್ನ ಹೇಳು.”

“ಬಾಗಲದಾಗ ನಿಂತು ನಾ ಹೇಳಬೇಕು. ಹೇಳಿದ್ರ ಡಾಕ್ಟರು ಇದನ್ನ ನಿಮಗ ಹಚ್ಚತಾರ. ಇಲ್ಲಂದ್ರ ಇದು ಕರಡ ಆಗಿ ಇರತೈತಿ.”

“ಹೇಳ್ತಿಯೇನು?”

“ಹೇಳ್ತೀನ್ರಿ.”

“ಹಂಗಾರ ನಡಿ,” ಅಂದಳು. ಎರಡು ಕೈಯೂರಿ ಏಳಲು ನೋಡಿದಳು, ಆಗಲಿಲ್ಲ. “ಇವರನ್ನ ಕರಕೊಂಡ ಹೋಗು. ಯಾರರೆ ಕೇಳಿದ್ರ ಸಾಕ್ಷಿ ಇರಲಿ.”

ಫಕೀರಪ್ಪ ಭರಣಿಯನ್ನು ಎದೆಗೆ ಅವಚಿಕೊಂಡು ನನ್ನ ಹಿಂದೆ ನಡೆದ. ಅಚ್ಚುಮನೆಯ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿದೆ. ಜನ ಸೇರಿದರು. ಹೇಳಿದೆ. ಡಾಕ್ಟರ್ ವಿಮಲಾಕ್ಷಿ ಬಂದು, ಗನ್ನಡಿ ತೆಗೆದುಕೊಂಡು, ಎಲ್ಲರೆದುರು ಭರಣಿಯೊಳಗಿನದರ ಸಾಲು ತಾವೇ ಎಣಿಸಿದರು. ಅಷ್ಟು ಜನ ಇದ್ದರೂ ಅವರು ಪಿಸುಗುಟ್ಟುತ್ತ ಎಣಿಸಿದ್ದು ಎಲ್ಲರಿಗೂ ಕೇಳಿಸಿತು. ತೊಂಬತ್ತಾರು ಅಂದವರೇ ಭರಣಿ ತೆಗೆದುಕೊಂಡು ದವಾಖಾನೆಯ ಕಡೆ ಹೊರಟರು. ಫಕೀರಪ್ಪ ಅವರ ಹಿಂದೆ ಓಡಿದ.

ದುಂಡಪ್ಪನವರು ಹೇಳಿದ ಹಾಗೆಯೇ ಆಯಿತು. ಜನ ಅಲ್ಲೇ ನಿಂತರು. ಒಬ್ಬ ತನ್ನ ಮೊಣಕಾಲು ಹಿಡಿದುಕೊಂಡ. ಒಬ್ಬಳು ಮಗನ ಕಿವಿ ಮುಟ್ಟಿ ಮುಟ್ಟಿ ನೋಡಿದಳು. ಕುಂಬಾರ ಓಣಿಯ ಮುದುಕ ತೋಳಿನ ಚರ್ಮ ಎಳೆದು ತೋರಿಸಿ “ನಂದೋ?” ಅಂದ. “ನಿಮ್ಮದು ಸರಿ ಐತಿ ಅಜ್ಜಾ, ನಾನ ಎಣಿಸೀನಿ,” ಅಂದೆ. “ನೀ ಅಂದ್ರ ನಂಬಬೇಕೇನು ಈಗ?” ಅಂದ. ಆ ವಾರ ಊರಿನಲ್ಲಿ ಅನೇಕರು ತಾವು ಹೂತ ಕರಡು ಹುಡುಕುತ್ತ ಹಿತ್ತಲಿನ ಗಿಡಗಳ ಬುಡ ಅಗೆದರು. ಅಲ್ಲಿ ಮಣ್ಣು ಬಿಟ್ಟು ಏನೂ ಇರಲಿಲ್ಲ. ಕೆಲವು ಕರಿಬೇವು ಒಣಗಿದವು. ಗನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು, ಸಾರಿನ ಕ್ಯಾನನ್ನೂ. ಸರಿಯೇ ಮಾಡಿದರು.

ಸಕ್ರವ್ವನ ಎದೆ ತೆರೆದು ಹನ್ನೊಂದು ವರ್ಷದ ಹಳೆಯ ತೇಪೆ ಬಿಚ್ಚಿ, ಭರಣಿಯದನ್ನು ಕೂರಿಸಿದರು. ಎರಡು ದಿನ ಏನೂ ಹೇಳಲಾಗದು ಅಂದರು. ನಾನು ದವಾಖಾನೆಯ ಎದುರಿನ ಹುಣಸೆಮರದ ಕಟ್ಟೆಯ ಮೇಲೆ ಕೂತಿದ್ದೆ, ಒಳಗೆ ಹೋಗುವ ಮುಖ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಆಯಾ ಹೊರಗೆ ಬಂದು ಯಾರಿಗೋ ಹೇಳುತ್ತಿದ್ದಳು, ಸಕ್ರವ್ವ ಶೇಂಗಾ ಚಟ್ನಿ ಕೇಳಿದಳಂತೆ, ದವಾಖಾನೆಯ ಗಂಜಿ ಬಾಯಿಗೆ ಹತ್ತುವುದಿಲ್ಲವಂತೆ. ನಾನು ಎದ್ದು ಮನೆಗೆ ಹೋಗಿ, ನಾಲ್ಕು ದಿನದ ಮೇಲೆ ಸ್ನಾನ ಮಾಡಿದೆ.

ಅದೇ ಸಂಜೆ ಫಕೀರಪ್ಪ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಅದೇ ಭರಣಿ. ಒಳಗೆ ಅಂಚು ಹರಿದ ತೇಪೆ, ತೊಂಬತ್ತೈದು ಸಾಲಿನದು. ಅದು ಇನ್ನೂ ಮಿಡಿಯುತ್ತಿತ್ತು. “ಇದೂ ಜೀವಾನ. ಒಗೀಲಿಕ್ಕೆ ಬರೂದಿಲ್ಲ,” ಅಂದ. “ಇದು ನಿನ್ನ ಮನಿದು.” ಭರಣಿಯನ್ನು ಹೊಸ್ತಿಲ ಮೇಲಿಟ್ಟು ಹೋದ. ನನ್ನ ಅಡುಗೆಮನೆಯಲ್ಲಿ ಉಪ್ಪಿನ ಪಕ್ಕದ ಜಾಗ ಎಂದೂ ತುಂಬಿರಲಿಲ್ಲ. ಅಲ್ಲಿ ಇಟ್ಟೆ.

ಅಚ್ಚುಮನೆಗೆ ಹೋಗಿ, ಹಿಂದಿನ ಬಾಗಿಲಲ್ಲಿ ನಿಂತು, ಬೇರೆಯವರ ಹಾಗೆ ಸಾರು ಕೇಳಿ ತಂದೆ. ದಿನಕ್ಕೆರಡು ಸಲ ಬದಲಿಸಿದೆ. ಅದರ ಮಿಡಿತ ಕುಂಟುತ್ತಿತ್ತು. ಎರಡು ಬಡಿತ ಸರಿಯಾಗಿ, ಮೂರನೆಯದು ತಡವಾಗಿ. ಆ ಮೂರನೆಯದಕ್ಕಾಗಿ ನಾನೂ ಉಸಿರು ಹಿಡಿದು ಕಾಯುತ್ತಿದ್ದೆ. ಒಂದು ಸಾಲು ಕಡಿಮೆ ಇಟ್ಟುಕೊಂಡು ಇದು ಹನ್ನೊಂದು ವರ್ಷ ಒಂದು ಹೆಂಗಸಿನ ಎದೆಯನ್ನು ಹಿಡಿದಿತ್ತು, ನೀರು ಹೊರಿಸಿತ್ತು, ಊರಿಗೆಲ್ಲ ಕೌದಿ ಹೊಲಿಸಿತ್ತು. ಅದರ ಮುಂದೆ ಯಾರೂ ಹೂವಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಮುಚ್ಚಳದ ಮೇಲೆ ಬಡಿದು “ಎದ್ದಿಯೇನು?” ಅನ್ನತೊಡಗಿದೆ. ನನ್ನ ಮನೆಯಲ್ಲಿ ಬೇರೆ ಯಾರನ್ನು ಕೇಳಲಿ?

ನಲವತ್ತು ದಿನ ಇತ್ತು. ನಲವತ್ತೊಂದನೇ ದಿನ ಬೆಳಿಗ್ಗೆ ಸಾರು ಬದಲಿಸುವಾಗ ಎರಡು ಸಲ ಬಡಿಯಿತು. ಮೂರನೆಯದಕ್ಕೆ ಕಾದೆ. ಬರಲಿಲ್ಲ.

ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತೆ. ಇನ್ನು ಹೊರಗಿನವರೊಬ್ಬರಿಗೆ ಉಣ್ಣಿಸಬೇಕಲ್ಲ. ಎಡಬದಿಯ ಮನೆಯವರು ಹೊಟ್ಟೆ ಸರಿಯಿಲ್ಲ ಅಂದರು. ಬಲಬದಿಯವರು ಊರಿಗೆ ಹೊರಟಿದ್ದೇವೆ ಅಂದರು, ಮಧ್ಯಾಹ್ನದವರೆಗೂ ಅವರ ಮನೆಯಲ್ಲಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಓಣಿಯ ತುದಿಯ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ನನ್ನ ಮನೆಯಲ್ಲಿ ಅವತ್ತು ಬದನೆಕಾಯಿ ಪಲ್ಯ ಆಗಿತ್ತು, ಜೋಳದ ಹಿಟ್ಟು ನಾದಿಟ್ಟಿದ್ದೆ. ಉಣ್ಣುವವರಿಲ್ಲದೆ ಒಲೆಯ ಮುಂದೆ ಕೂತೆ.

ಬಾಗಿಲಲ್ಲಿ ನೆರಳು ಬಿತ್ತು. ಸಕ್ರವ್ವ. ಅವಳ ಮನೆಯಿಂದ ನಮ್ಮ ಓಣಿಗೆ ಒಂದು ಏರು ಇದೆ. ಅದನ್ನು ಹತ್ತಿ ಬಂದಿದ್ದಳು, ಉಸಿರು ಸಮನಾಗಿತ್ತು. “ಸಾರು ಒಯ್ಯಾಕ ನೀ ಬರಲಿಲ್ಲಂತ. ಅಚ್ಚಮನ್ಯಾಗ ಅಂದ್ರು,” ಅಂದಳು. “ನಿಂತೈತೇನು?”

“ಹೂಂನ್ರಿ. ಮುಂಜಾನೆ.”

“ಕಡೀತನಕಾ ಬಡೀತಿತ್ತೇನು?”

“ಬಡೀತಿತ್ತು.”

ಅವಳು ನುಗ್ಗೆಮರದ ಬುಡಕ್ಕೆ ಹೋಗಿ, ಹಸಿ ಮಣ್ಣು ನೋಡಿ, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡಳು. ಆಮೇಲೆ ಒಳಗೆ ಬಂದು ಕೈ ತೊಳೆದು ತಟ್ಟೆಯ ಮುಂದೆ ಕೂತಳು. ನಾನು ರೊಟ್ಟಿ ತಟ್ಟಿದೆ. ಮೊದಲನೆಯದನ್ನು ಪಕ್ಕಕ್ಕಿಟ್ಟೆ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು. ಎರಡನೆಯದನ್ನು ಬೇಯಿಸಿ ಅವಳ ತಟ್ಟೆಗೆ ಹಾಕಲು ಹೋದೆ.

ಸಕ್ರವ್ವ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. “ಅಲ್ಲಿ ಇಟ್ಟಿಯಲ್ಲ, ಅದನ್ನ ನೋಡಿ ಇಟ್ಟಿಯೇನು?”

“ಇಲ್ರಿ. ಅದು ಮೊದಲನೇದು, ಅದಕ್ಕ.”

“ನೋಡು.”

ಎತ್ತಿ, ಬಾಗಿಲಿನ ಬೆಳಕಿಗೆ ಹಿಡಿದು ನೋಡಿದೆ. ತಿರುವಿ ನೋಡಿದೆ. ಎರಡೂ ಕಡೆ ಉಬ್ಬಿತ್ತು, ಎಲ್ಲಿಯೂ ಸೀದಿರಲಿಲ್ಲ, ಅಂಚು ಒಡೆದಿರಲಿಲ್ಲ.

“ಚಲೋ ಬಂದೈತ್ರಿ,” ಅಂದೆ.

“ಹಂಗಾರ ಅದನ್ನ ಹಾಕು,” ಅಂದು ತಟ್ಟೆ ಮುಂದಕ್ಕೆ ಸರಿಸಿದಳು.